ರೇಟು ಗಿಟ್ಟದಿದ್ರೆ ವಾಪಸ್ ಬರೋ ಹಕ್ಕು

ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ರೇಟು ಗಿಟ್ಟದಿದ್ರೆ ನಮ್ಮಪ್ಪ ಮಾರದೇ ಚೀಲ ವಾಪಸ್ ತರ್ತಾರೆ. ಬೆವರು ಮಾರೋರಿಗೂ ಆ ಹಕ್ಕು ಬೇಕಲ್ವಾ?

2022ರ ಫುಟ್‌ಬಾಲ್ ವಿಶ್ವಕಪ್ ನಡೆಸಿದ ಕತಾರ್‌ನಲ್ಲಿ ‘ಕಫಾಲಾ’ ಅನ್ನೋ ಪದ್ಧತಿ ಇತ್ತು. ಮಾಲೀಕ ಒಪ್ಪದೇ ವಲಸೆ ಕಾರ್ಮಿಕ ಕೆಲಸ ಬದಲಿಸೋ ಹಾಗಿರಲಿಲ್ಲ. ಈ ಷರತ್ತು ಕಾನೂನಿನಿಂದ ಹೋಗಿದ್ದು 2020ರಲ್ಲಿ. ಅಷ್ಟರಲ್ಲಿ ಮೂರು ಸ್ಟೇಡಿಯಂ ಸಿದ್ಧವಾಗಿದ್ದವು.

2034ರ ವಿಶ್ವಕಪ್ ಸೌದಿ ಅರೇಬಿಯಾದಲ್ಲಿ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಹುಡುಗರಿಗೂ ಏಜೆಂಟರ ಫೋನ್ ಬರಬಹುದು. ಹೊರಡೋ ಮುಂಚೆ ಏಜೆಂಟ್ ಹೆಸರು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ನೋಡಿ. ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅಷ್ಟೇ. ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ನಿಮ್ಮ ಹತ್ರಾನೇ ಇರಲಿ.

ಮ್ಯಾಚ್ ನೋಡೋಣ. ಸ್ಟೇಡಿಯಂ ಕಟ್ಟಿದೋರಿಗೆ ಕೂಲಿ ಸಿಕ್ತಾ ಅಂತಾನೂ ಕೇಳೋಣ.