ಚಮಚದ ಬೆನ್ನು, ವಿಮಾನದ ಹೊಟ್ಟೆ

ಬೈಲಹೊಂಗಲವಿರಲಿ, ಕಿತ್ತೂರಿರಲಿ, ನಳಕ್ಕೆ ನೀರು ಬಂದ ಹೊತ್ತಿನಲ್ಲಿ ಒಂದು ಚಮಚ ತೆಗೆದುಕೊಳ್ಳಿ. ಹಿಡಿಯ ತುದಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ತೂಗಬಿಡಿ. ಅದರ ಉಬ್ಬಿದ ಬೆನ್ನನ್ನು ಧಾರೆಗೆ ಮೆಲ್ಲಗೆ ತಾಗಿಸಿ. ನೀರು ಚಮಚವನ್ನು ಆಚೆ ತಳ್ಳೀತು ಅಂದುಕೊಂಡಿದ್ದಿರಾ? ಇಲ್ಲ, ಧಾರೆ ಅದನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ನೀರು ಉಬ್ಬಿಗೆ ಅಂಟಿಕೊಂಡೇ ಬಾಗಿ ಹರಿಯುತ್ತದೆ. ಹಾಗೆ ಬಾಗುವಾಗ ಚಮಚವನ್ನು ತನ್ನ ಕಡೆ ಸೆಳೆಯುತ್ತದೆ.

ಇದೇ ಸೆಳೆತ ಒಮ್ಮೆ ವಿಮಾನವನ್ನೇ ಹಿಡಿದಿಟ್ಟಿತ್ತು. 1912ರಲ್ಲಿ ಅಮೆರಿಕದ ಗ್ಲೆನ್ ಕರ್ಟಿಸ್ ದೋಣಿಯಂಥ ಹೊಟ್ಟೆಯ ವಿಮಾನ ಕಟ್ಟಿದರು. ನೀರಿನ ಮೇಲೆ ಅದು ಜೋರಾಗಿ ಓಡಿತು, ಆದರೆ ಏಳಲೊಲ್ಲದು. ಕರ್ಟಿಸ್ ತಳದ ನಡುವೆ ಒಂದು ಮೆಟ್ಟಿಲು ಮಾಡಿದರು: ಮುಂದಿನ ಭಾಗ ತಗ್ಗಿನಲ್ಲಿ, ಹಿಂದಿನದು ತುಸು ಮೇಲೆ. ಹರಿಯುವ ನೀರು ಆ ಅಂಚಿಗೆ ಬಂದು ಕಡಿದುಹೋಯಿತು, ಸಂದಿಗೆ ಗಾಳಿ ನುಗ್ಗಿತು, ವಿಮಾನ ಎದ್ದಿತು. ಇಷ್ಟು ಚಿಕ್ಕ ಉಪಾಯ! ನೀರಿನಿಂದಲೇ ಏಳುವ ಇವತ್ತಿನ ವಿಮಾನಗಳ, ಅಂದರೆ ಸೀಪ್ಲೇನುಗಳ, ತಳದಲ್ಲೂ ಆ ಮೆಟ್ಟಿಲಿದೆ.

ನಮ್ಮ ನಾಡಿನ ಕೆರೆಗೂ ಇಂಥ ವಿಮಾನ ಬಂದಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕ್ಯಾಟಲೀನಾ ಎಂಬ ಹಾರುವ ದೋಣಿಗಳು ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರಿಪೇರಿಯಾಗಿ ಹೋಗುತ್ತಿದ್ದವು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 32 ಮೀಟರ್!

ಈಗ ಸವದತ್ತಿಗೆ ಬನ್ನಿ. ಎಲ್ಲಮ್ಮನ ಗುಡ್ಡಕ್ಕೆ ಹೋದವರು ರೇಣುಕಾಸಾಗರ ಜಲಾಶಯ ನೋಡಿರುತ್ತೀರಿ. ರಾಮದುರ್ಗದ ಹತ್ತಿರ ಬೇಸಿಗೆಯಲ್ಲಿ ಸೊರಗುವ ಅದೇ ಮಲಪ್ರಭೆ ಇಲ್ಲಿ ಕಣ್ಣು ಹಾಯುವಷ್ಟು ದೂರ ಹರಡಿ ನಿಂತಿದ್ದಾಳೆ. ಈ ನೀರಿನಿಂದ ಒಂದು ಪುಟ್ಟ ಸೀಪ್ಲೇನ್ ಏಳುತ್ತಿದೆ ಅಂತ ನೆನೆಸಿಕೊಳ್ಳಿ. ಚಕ್ರದ ಜಾಗದಲ್ಲಿ ಅದಕ್ಕೆ ಎರಡು ಉದ್ದನೆಯ ಟೊಳ್ಳು ದೋಣಿಗಳು. ಮೊದಮೊದಲು ಅದು ಎಮ್ಮೆಯ ಹಾಗೆ ನೀರನ್ನು ತಳ್ಳುತ್ತ ಸಾಗುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ, ತಳ್ಳುವುದು ಸುಲಭವೇ? ವೇಗ ಹೆಚ್ಚಿದಂತೆ ವಿಮಾನ ನೀರಿನ ಮೇಲೇರುತ್ತದೆ. ಕೆರೆಗೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ಕುಪ್ಪಳಿಸುತ್ತದಲ್ಲ, ಹಾಗೆ.

ಅವಘಡದ ಭಯ ಇಲ್ಲೇ. ಮೂತಿ ಅತಿಯಾಗಿ ತಗ್ಗಿದರೆ ದೋಣಿಗಳ ತುದಿ ನೀರಿಗೆ ನಾಟುತ್ತದೆ. ಮುಳುಗಿದ ಮರದ ಬೊಡ್ಡೆಯೋ, ದೊಡ್ಡ ಅಲೆಯೋ ತಾಗಿದರೂ ಹಾಗೆಯೇ. ಓಡುವಾಗ ಕಾಲು ಎಡವಿದರೆ ಏನಾಗುತ್ತದೆ? ಕಾಲು ನಿಲ್ಲುತ್ತದೆ, ಮೈ ಮುಂದಕ್ಕೆ ಹೋಗುತ್ತದೆ. ವಿಮಾನವೂ ಹಾಗೇ ಮಗುಚಿಕೊಳ್ಳುತ್ತದೆ. ದೋಣಿಗಳು ಒಡೆಯದಿದ್ದರೆ ಅದು ಪೂರ್ತಿ ಮುಳುಗದೆ ತಲೆಕೆಳಗಾಗಿ ತೇಲುತ್ತದೆ. ಒಳಗೆ ಮಾತ್ರ ನೀರು ತುಂಬುತ್ತದೆ. ಅದಕ್ಕೇ ಪ್ರಯಾಣಿಕರಿಗೆ ಗಾಳಿ ತುಂಬುವ ಜಾಕೆಟ್ ಕೊಟ್ಟು, ‘ಹೊರಗೆ ಬಂದ ಮೇಲಷ್ಟೇ ಉಬ್ಬಿಸಿ’ ಎಂದು ಹೇಳುತ್ತಾರೆ. ಒಳಗೇ ಉಬ್ಬಿಸಿದರೆ ಅದು ನಮ್ಮನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ. ಬಾಗಿಲ ತನಕ ಮುಳುಗಿ ಹೋಗಲು ಬಿಡುವುದಿಲ್ಲ. ಮಕ್ಕಳೇ, ಈ ಒಂದು ಮಾತು ಮರೆಯಬೇಡಿ.

ಕನ್ನಡಿಯಂತೆ ನಿಶ್ಚಲವಾದ ನೀರು ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಆದರೆ ಏಳುವಾಗ ಪೈಲಟ್‌ಗಳಿಗೆ ಬೇಕಾದದ್ದು ಸಣ್ಣ ತೆರೆ. ತೆರೆಗಳ ನಡುವೆ ಗಾಳಿ ನುಸುಳಿದರೆ ನೀರಿನ ಹಿಡಿತ ಸಡಿಲಾಗುತ್ತದೆ. ನೀರು ತೀರ ಶಾಂತವಾಗಿದ್ದರೆ ಅವರು ಮೊದಲು ಒಂದು ಸುತ್ತು ಓಡಿಸಿ, ತಾವೇ ಅಲೆ ಎಬ್ಬಿಸಿಕೊಳ್ಳುವುದುಂಟು.

ಚಮಚ ಇನ್ನೂ ಕೈಯಲ್ಲಿದೆಯೇ? ಅವ್ವನ ಹತ್ತಿರ ಚಪಾತಿ ಹಿಟ್ಟಿನ ಒಂದು ಎಳೆ ಇಸಿದುಕೊಂಡು, ಚಮಚದ ಬೆನ್ನಿಗೆ ಅಡ್ಡಲಾಗಿ ಅಂಟಿಸಿ, ಅಂಚನ್ನು ಉಗುರಿನಿಂದ ಚೂಪು ಮಾಡಿ. ಮತ್ತೆ ಧಾರೆಗೆ ತಾಗಿಸಿ, ನೀರು ಎಲ್ಲಿ ಕೈಬಿಡುತ್ತದೆ ನೋಡಿ.