ಕಾಲು ನೆನೆದ ಮೇಲೆ



ಶಿರಾ ದಾಟಿ ಹಿರಿಯೂರಿನ ಕಡೆ ಹೆದ್ದಾರಿಯಲ್ಲಿ ಬರುವವರಿಗೆ ಜವನಗೊಂಡನಹಳ್ಳಿ ಕಿಟಕಿಯಾಚೆ ಸರಿದುಹೋಗುವ ಒಂದು ಊರು. ಸುತ್ತಲಿನವರ ಬಾಯಲ್ಲಿ ಅದು ಜೆ.ಜಿ. ಹಳ್ಳಿ. ರಸ್ತೆ ಬಿಟ್ಟು ಸ್ವಲ್ಪ ಒಳಗೆ ನಡೆದರೆ ಮಳೆಯನ್ನೇ ನಂಬಿದ ಹೊಲಗಳು ಸಿಗುತ್ತವೆ. ಅಲ್ಲಿನ ರೈತ ಶೇಂಗಾ ಬೀಜಕ್ಕೆ ಸಾಲ ತರುವಾಗ ಆಕಾಶ ಅವನಿಗೆ ಯಾವ ಭರವಸೆಯನ್ನೂ ಬರೆದುಕೊಟ್ಟಿರುವುದಿಲ್ಲ. ಒಂದು ಹದಮಳೆ ಬಿದ್ದಿರುತ್ತದೆ, ಅಷ್ಟೆ. ಎರಡನೆಯ ಮಳೆ ಬಂದೇ ಬರುತ್ತದೆ ಎಂದು ಕಾಯುತ್ತ ಕುಳಿತವನ ನೆಲದ ಹದ ಎರಡು ದಿನದಲ್ಲಿ ಆರಿಹೋಗುತ್ತದೆ.

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ‘ಪ್ರಸಂಗಿ’ ಎಂಬ ಪುಸ್ತಕವಿದೆ. ಅದರ ಹನ್ನೊಂದನೆಯ ಅಧ್ಯಾಯವನ್ನು ಓದಿದಾಗಲೆಲ್ಲ ಅದನ್ನು ಬರೆದವನು ನಮ್ಮ ಬಯಲುಸೀಮೆಯವನೇ ಇರಬೇಕು ಅನ್ನಿಸುತ್ತದೆ. ಗಾಳಿಯನ್ನೇ ನೋಡುತ್ತ ನಿಂತವನು ಬಿತ್ತುವುದಿಲ್ಲ, ಮೋಡವನ್ನೇ ಲೆಕ್ಕ ಹಾಕುವವನು ಕೊಯ್ಯುವುದಿಲ್ಲ ಎಂಬುದು ಅವನ ಮಾತಿನ ಸಾರ. ಬೆಳಿಗ್ಗೆಯೂ ಬಿತ್ತು, ಸಂಜೆಯೂ ಕೈಬಿಡಬೇಡ, ಯಾವುದು ಫಲಿಸೀತೋ ನಿನಗೇನು ಗೊತ್ತು ಎಂದೂ ಅವನು ಸೇರಿಸುತ್ತಾನೆ. ಇದು ದೇವರನ್ನು ನಂಬಿದವನ ಮಾತು. ನಾಳೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ, ಗೊತ್ತಿರುವವನು ಒಬ್ಬನಿದ್ದಾನೆ, ಆದ್ದರಿಂದ ನನ್ನ ಪಾಲಿನ ಕೆಲಸವನ್ನು ನಾನು ಮಾಡುತ್ತೇನೆ ಎಂಬ ಧೈರ್ಯ ಅದರಲ್ಲಿದೆ.

ಹಿರಿಯೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೂ ಇಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರದ ಕಟ್ಟೆ ಮುಗಿದದ್ದು 1907ರಲ್ಲಿ. ಅದು 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ಕಟ್ಟೆ ತುಂಬಿ ಹರಿದ ಮೇಲೆಯೇ ಸಸಿ ನೆಡುತ್ತೇನೆ ಎಂದವನು ಯಾರಾದರೂ ಇದ್ದಿದ್ದರೆ ಅವನ ಮೊಮ್ಮಗನೂ ಮುದುಕನಾಗಿರುತ್ತಿದ್ದ. ಅಚ್ಚುಕಟ್ಟಿನ ಜನ ಹಾಗೆ ಕಾಯಲಿಲ್ಲ. ಅರ್ಧ ತುಂಬಿದ ಕಟ್ಟೆಯನ್ನು ನಂಬಿಯೇ ತೆಂಗು ಅಡಿಕೆ ಬೆಳೆದರು.

ಕ್ರೈಸ್ತ ಮನೆಗಳಲ್ಲಿ ಒಂದು ಮಾತು ಮತ್ತೆಮತ್ತೆ ಕೇಳಿಬರುತ್ತದೆ: ‘ಕರ್ತನು ಬಾಗಿಲು ತೆರೆಯಲಿ.’ ಮಗನಿಗೆ ಕೆಲಸ ಬೇಕು, ಕರ್ತನು ಬಾಗಿಲು ತೆರೆಯಲಿ. ಮಗಳು ನರ್ಸಿಂಗ್ ಓದಬೇಕು, ಕರ್ತನು ಬಾಗಿಲು ತೆರೆಯಲಿ. ಒಳ್ಳೆಯ ಪ್ರಾರ್ಥನೆಯೇ. ಆದರೆ ತೆರೆದ ಬಾಗಿಲಿನ ಎದುರು ನಿಂತುಕೊಂಡೂ ಕೆಲವರು ಅದೇ ಪ್ರಾರ್ಥನೆಯನ್ನು ಮುಂದುವರಿಸುತ್ತಾರೆ. ಅರ್ಜಿ ಮೇಜಿನ ಮೇಲಿದೆ, ಕೊನೆಯ ದಿನಾಂಕ ಹತ್ತಿರ ಬಂದಿದೆ, ಇವರು ಇನ್ನೂ ‘ದೇವರ ಚಿತ್ತ ಗೊತ್ತಾಗಲಿ’ ಎನ್ನುತ್ತಿರುತ್ತಾರೆ. ಇದರಲ್ಲಿ ಎಷ್ಟು ಪಾಲು ನಂಬಿಕೆ, ಎಷ್ಟು ಪಾಲು ಅಂಜಿಕೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಅಂಜಿಕೆ ಪಾಪವೇನಲ್ಲ, ಅದಕ್ಕೆ ಭಕ್ತಿಯ ಹೆಸರು ಕೊಡಬಾರದು, ಅಷ್ಟೆ.

ಇಸ್ರಾಯೇಲ್ಯರು ನೀರು ದಾಟಿದ ಎರಡು ಪ್ರಸಂಗಗಳು ಬೈಬಲಿನಲ್ಲಿವೆ. ಕೆಂಪು ಸಮುದ್ರದ ಎದುರು ರಾತ್ರಿಯಿಡೀ ಗಾಳಿ ಬೀಸಿತು, ನೀರು ಇಬ್ಭಾಗವಾಯಿತು, ಆಮೇಲೆ ಜನ ನಡೆದರು. ನಲವತ್ತು ವರ್ಷಗಳ ನಂತರ ಯೆಹೋಶುವನ ಕಾಲದಲ್ಲಿ ಯೊರ್ದನ್ ಹೊಳೆಯ ಬಳಿಗೆ ಬಂದಾಗ ಕ್ರಮವೇ ಬದಲಾಗಿತ್ತು. ಸುಗ್ಗಿಯ ಕಾಲ, ಹೊಳೆ ದಡ ಮೀರಿ ಹರಿಯುತ್ತಿತ್ತು. ದೇವರ ಒಡಂಬಡಿಕೆಯ ಮಂಜೂಷ ಹೊತ್ತ ಯಾಜಕರು ಮೊದಲು ಆ ನೀರಿನಲ್ಲಿ ಕಾಲಿಡಬೇಕಿತ್ತು. ಅವರ ಪಾದ ನೆನೆದ ಮೇಲೆಯೇ ಮೇಲಿಂದ ಬರುವ ನೀರು ನಿಂತಿತು. ಗುಲಾಮಗಿರಿಯಿಂದ ಆಗತಾನೇ ಬಿಡಿಸಿಕೊಂಡು ಬಂದ ಜನರಿಗೆ ದೇವರು ದಾರಿ ಮಾಡಿಟ್ಟು ನಡೆಯಿರಿ ಎಂದ. ಅವರ ಮಕ್ಕಳ ಕಾಲಕ್ಕೆ ನಡೆಯಿರಿ, ದಾರಿಯಾಗುತ್ತದೆ ಎಂದ. ಬಹಳ ಮಂದಿ ಮೊದಲನೆಯ ಅನುಭವವನ್ನೇ ಜೀವನವಿಡೀ ಎದುರುನೋಡುತ್ತಾರೆ.

ನಮ್ಮ ನಾಡಿನಲ್ಲೇ ಹೀಗೆ ಕಾಲು ನೆನೆಸಿಕೊಂಡ ಒಂದು ಕಥೆಯಿದೆ. ಅದು ಮಂಗಳೂರಿನದು.

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಸುವಾರ್ತೆ ಸಾರುವುದು ಅವರ ಕೆಲಸ. ಆದರೆ ಕ್ರೈಸ್ತರಾದವರಿಗೆ ಹೊಸದೊಂದು ತೊಂದರೆ ಕಾದಿತ್ತು. ಜಾತಿಯ ಜೊತೆ ಕಸುಬೂ ಹೋಯಿತು, ಮನೆಯೂ ಹೋಯಿತು, ಹೊಲದ ಪಾಲೂ ಹೋಯಿತು. ಭಾನುವಾರ ಪ್ರಾರ್ಥನೆ ಮಾಡಿ ಸೋಮವಾರ ಏನು ತಿನ್ನಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಮಿಷನ್ನಿನವರು ಒಂದರ ನಂತರ ಒಂದು ಕಸುಬಿಗೆ ಕೈಹಾಕಿದರು. ಎಲ್ಲವೂ ನೆಲೆಯೂರಲಿಲ್ಲ. ನೇಯ್ಗೆ ನೆಲೆಯೂರಿತು. 1850ರ ದಶಕದ ಆರಂಭದಲ್ಲಿ ಹಾಲರ್ ಎಂಬ ನೇಯ್ಗೆಗಾರ ಮಿಷನರಿ ಮಂಗಳೂರಿನಲ್ಲಿ ಮಗ್ಗ ಹೂಡಿದ.

ಅದೇ ಹೊತ್ತಿಗೆ ಬಂದವನು ಜಾರ್ಜ್ ಪ್ಲೆಬ್ಸ್ಟ್. ಅವನನ್ನು ಕಳಿಸಿದ್ದು ಅಚ್ಚುಕೂಟಕ್ಕೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಇದೇ ಮಿಷನ್ನಿನ ಅಚ್ಚುಕೂಟದಿಂದ. ಯಂತ್ರ, ಅಚ್ಚಿನ ಮೊಳೆ ನೋಡಿಕೊಳ್ಳಬೇಕಾದ ಈ ಮನುಷ್ಯನ ಕಣ್ಣು ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣಿನ ಮೇಲೆ ಬಿತ್ತು. ಊರಿನ ಕುಂಬಾರರು ತಲೆತಲಾಂತರದಿಂದ ಬಳಸುತ್ತಿದ್ದ ಮಣ್ಣು ಅದು. ಅವನು ಮಣ್ಣಿನ ಕೆಲಸ ಕಲಿತ, ಪ್ರಯೋಗ ಮಾಡಿದ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಮಣ್ಣು ಹದಮಾಡಲು ಮೊದಲಿಗೆ ಎತ್ತುಗಳೇ ಯಂತ್ರ. ಮೂರು ವರ್ಷ ಕಳೆಯುವಷ್ಟರಲ್ಲಿ, 1868ರಲ್ಲಿ, ಮಂಗಳೂರಿನ ಕಥೋಲಿಕ ಕುಟುಂಬವೊಂದು ಆಲ್ಬುಕರ್ಕ್ ಹೆಸರಿನಲ್ಲಿ ತನ್ನದೇ ಕಾರ್ಖಾನೆ ಹಾಕಿತು. ಮುಂದೆ ಮಂಗಳೂರು ಹೆಂಚು ಹೋಗದ ಊರಿಲ್ಲ. ನಮ್ಮ ಜಿಲ್ಲೆಯ ಹಳೆಯ ಶಾಲೆಗಳ ಮಾಡನ್ನು ತಲೆಯೆತ್ತಿ ನೋಡಿ.

ಸುಗಮವಾಗಿ ನಡೆದುಹೋಯಿತು ಎಂದು ಮಾತ್ರ ತಿಳಿಯಬೇಡಿ. ಧರ್ಮ ಸಾರಲು ಹೋದವರು ಹೆಂಚು ಮಾರುವುದೇನು ಎಂಬ ಆಕ್ಷೇಪ ಮಿಷನ್ನಿನ ಒಳಗಿನಿಂದಲೇ ಬಂತು. ಆಕ್ಷೇಪಿಸಿದವರೂ ದೇವಭಕ್ತರೇ. ಆದರೆ ಹಸಿದ ಹೊಸ ವಿಶ್ವಾಸಿಯ ಎದುರು ನಿಂತು ನೋಡಿದವನಿಗೆ ಆ ಮಣ್ಣು ದೇವರು ಕೊಟ್ಟ ಉತ್ತರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಮಿಷನ್ನಿನ ಎಷ್ಟೋ ಪ್ರಸಂಗಗಳಿಗಿಂತ ಗಟ್ಟಿಯಾದ ಸಾಕ್ಷಿ ಆ ಹೆಂಚು.

ಇಲ್ಲಿ ಇನ್ನೊಂದು ಸಂಗತಿಯಿದೆ. ಅವಕಾಶ ಎನ್ನುವುದು ನಾವು ಕೇಳಿಕೊಂಡ ವೇಷದಲ್ಲಿ ಬರುವುದು ಅಪರೂಪ. ಬೈಬಲಿನ ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯದಲ್ಲಿ ಸುವಾರ್ತೆ ಸಾರುತ್ತಿದ್ದ ಪೌಲನೂ ಅವನ ಸಂಗಡಿಗರೂ ಆಸ್ಯಕ್ಕೆ ಹೋಗಬೇಕೆಂದಿದ್ದರು, ತಡೆಯಾಯಿತು. ಬಿಥೂನ್ಯಕ್ಕೆ ಹೊರಟರು, ಅದಕ್ಕೂ ತಡೆ. ತ್ರೋವ ಎಂಬ ಬಂದರಿನಲ್ಲಿ ನಿಂತಾಗ ರಾತ್ರಿ ಒಂದು ದರ್ಶನ: ಮಕೆದೋನ್ಯದವನೊಬ್ಬ ಬಂದು ನೆರವಾಗೆಂದು ಕರೆಯುತ್ತಿದ್ದಾನೆ. ತಡಮಾಡದೆ ಹಡಗು ಹತ್ತಿದರು. ಫಿಲಿಪ್ಪಿಯಲ್ಲಿ ಮಾತಿಗೆ ಕಿವಿಗೊಟ್ಟವಳು ಯಾರು? ದರ್ಶನದಲ್ಲಿ ಕಂಡ ಗಂಡಸಲ್ಲ. ಹೊಳೆಯ ದಡದಲ್ಲಿ ಪ್ರಾರ್ಥನೆಗೆ ಸೇರಿದ್ದ ಹೆಂಗಸರ ನಡುವಿನ ಲುದ್ಯ, ಧೂಮ್ರವರ್ಣದ ಬಟ್ಟೆ ಮಾರುವ ವ್ಯಾಪಾರಿ, ಅವಳೂ ಪರವೂರಿನವಳು. ಅವಳ ಮನೆಯೇ ಆ ಊರಿನಲ್ಲಿ ಅವರಿಗೆ ಆಸರೆಯಾಯಿತು. ಅದೇ ಊರಿನಲ್ಲಿ ಪೌಲ ಛಡಿ ಏಟು ತಿಂದು ಸೆರೆಮನೆಗೂ ಹೋದ. ತೆರೆದ ಬಾಗಿಲಿನ ಆಚೆ ಏಟು ಇರುವುದಿಲ್ಲ ಎಂದು ಯಾರೂ ಹೇಳಿಲ್ಲ.

ಹಾಗೆಂದು ಕಂಡಕಂಡದ್ದಕ್ಕೆಲ್ಲ ಧುಮುಕಿ ದೇವರ ಹೆಸರು ಹೇಳುವುದೂ ತಪ್ಪು. ನಮ್ಮ ಸೀಮೆಯಲ್ಲಿ ಕೊಳವೆಬಾವಿಯ ದುಃಖ ಗೊತ್ತಿಲ್ಲದವರಿಲ್ಲ. ಒಂದು ಬತ್ತಿತು, ಇನ್ನೊಂದು ಕೊರೆಸೋಣ, ದೇವರು ಕೊಡುತ್ತಾನೆ. ಅದೂ ಬತ್ತಿತು, ಒಡವೆ ಅಡವಿಟ್ಟು ಮತ್ತೊಂದು. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚು ಲೆಕ್ಕ ಹಾಕದಿರುತ್ತಾನೆಯೇ ಎಂದು ಯೇಸು ಕೇಳಿದ್ದನ್ನು ಲೂಕನು ಬರೆದಿಟ್ಟಿದ್ದಾನೆ. ಲೆಕ್ಕ ಹಾಕುವುದು ಅಪನಂಬಿಕೆಯಲ್ಲ. ಪ್ಲೆಬ್ಸ್ಟ್ ಕೂಡ ಮಣ್ಣನ್ನು ಸುಟ್ಟು ಪರೀಕ್ಷಿಸಿದ ಮೇಲೆಯೇ ಕಾರ್ಖಾನೆ ಹಾಕಿದ್ದು. ಹೆದರಿ ಕೂತವನೂ ಲೆಕ್ಕವಿಲ್ಲದೆ ಹಾರಿದವನೂ ಒಂದೇ ಕೆಲಸ ಮಾಡುತ್ತಾರೆ: ತಾವು ಹೊರಬೇಕಾದ ಹೊರೆಯನ್ನು ದೇವರ ತಲೆಯ ಮೇಲೆ ಹಾಕುತ್ತಾರೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬಾಸೆಲ್ ಮಿಷನ್ನಿನ ಕಾರ್ಖಾನೆಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡಿತು. ಕಾಂಕ್ರೀಟಿನ ತಾರಸಿ ಬಂದ ಮೇಲೆ ಮಂಗಳೂರಿನ ಹೆಂಚಿನ ಕಾರ್ಖಾನೆಗಳು ಬಹುಪಾಲು ಮುಚ್ಚಿವೆ. ಒಂದು ಕಾಲದ ಅವಕಾಶ ಇನ್ನೊಂದು ಕಾಲಕ್ಕೆ ನಡೆಯುವುದಿಲ್ಲ. ಹೆಂಚು ಮಾಡಿದವರ ಮೊಮ್ಮಕ್ಕಳು ಇನ್ನೊಂದು ಮಣ್ಣನ್ನು ಹುಡುಕಬೇಕಾಗುತ್ತದೆ. ಅದು ಇವತ್ತು ಹಿರಿಯೂರಿನ ಐಟಿಐ ಪ್ರವೇಶದ ಅರ್ಜಿಯಾಗಿರಬಹುದು, ಸ್ತ್ರೀಶಕ್ತಿ ಸಂಘದ ಸಾಲದಲ್ಲಿ ಕೊಂಡ ಹೊಲಿಗೆ ಯಂತ್ರವಾಗಿರಬಹುದು, ಬೆಂಗಳೂರಿನ ಆಸ್ಪತ್ರೆಯಿಂದ ಬಂದ ಕೆಲಸದ ಕರೆಯಾಗಿರಬಹುದು.

ಈ ಮಾತನ್ನು ಕೇಳುತ್ತಿರುವ ಸಭೆಯ ಹಿರಿಯರಲ್ಲಿ, ಪಾಸ್ಟರುಗಳಲ್ಲಿ ಒಂದು ಕೋರಿಕೆ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮ ಸಭೆಯ ಹುಡುಗ ಹುಡುಗಿಯರನ್ನು ಹತ್ತು ನಿಮಿಷ ನಿಲ್ಲಿಸಿಕೊಳ್ಳಿ. ಯಾವ ಅರ್ಜಿ ತುಂಬಿದ್ದೀರಿ, ಯಾವುದನ್ನು ಹೆದರಿ ಹಾಗೇ ಇಟ್ಟಿದ್ದೀರಿ ಎಂದು ಕೇಳಿ. ಶುಲ್ಕಕ್ಕೆ ದುಡ್ಡು ಕಡಿಮೆ ಬಿದ್ದಿದ್ದರೆ ಕಾಣಿಕೆ ಚೀಲದಿಂದ ತೆಗೆದುಕೊಡಿ. ಆಮೇಲೆ ಪ್ರಾರ್ಥನೆ ಮಾಡಿ. ಯಾವುದಕ್ಕಾಗಿ ಪ್ರಾರ್ಥಿಸುತ್ತಿದ್ದೀರಿ ಎಂಬುದು ಆಗ ಎಲ್ಲರಿಗೂ ಗೊತ್ತಿರುತ್ತದೆ.