ಮೇಲ್ ಸರ್ವರ್ ಮಲಗಿದರೆ ಎಬ್ಬಿಸೋರು ಯಾರು? ಎಕ್ಸ್‌ಚೇಂಜ್ ಡ್ಯಾಗ್ ಬಗ್ಗೆ ಒಂದಿಷ್ಟು ಮಾತು

ಪುಣೆ, ಹೈದರಾಬಾದ್, ಚೆನ್ನೈ, ನೋಯ್ಡಾ ಅಂತ ಎಲ್ಲೆಲ್ಲಿಂದಲೋ ನೋಡ್ತಿದ್ದೀರಿ. ಅರ್ಧ ಜನ ನೈಟ್ ಶಿಫ್ಟಿನಲ್ಲೇ ಇರಬಹುದು, ಅವರಿಗೆ ಈ ಮಾತು ಇನ್ನೂ ಹತ್ತಿರ. ಇವತ್ತಿನ ವಿಷಯ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಮೇಲ್ ಸರ್ವರ್‌ಗಳಲ್ಲಿ ಡೇಟಾಬೇಸ್ ರೆಪ್ಲಿಕೇಶನ್ ಮತ್ತು ಫೇಲೋವರ್.

"ಎಲ್ಲ ಕ್ಲೌಡಿಗೆ ಹೋಯ್ತಲ್ಲ, ಇದೆಲ್ಲ ಈಗ ಯಾಕೆ ಸಾರ್?" ಅಂತ ಕೇಳೋರಿದ್ದಾರೆ. ಮೇಲ್ ತಮ್ಮದೇ ಡೇಟಾಸೆಂಟರಿನಲ್ಲಿ ಇರಬೇಕು ಅನ್ನೋ ಸಂಸ್ಥೆಗಳು ಇನ್ನೂ ಇವೆ, ಅಂಥವರಿಗೆಂದೇ 2025ರ ಜುಲೈನಲ್ಲಿ ಎಕ್ಸ್‌ಚೇಂಜ್ ಸರ್ವರ್‌ನ ಸಬ್‌ಸ್ಕ್ರಿಪ್ಶನ್ ಎಡಿಶನ್ ಬಂತು. ಮತ್ತೆ, ಕ್ಲೌಡಿನ ಎಕ್ಸ್‌ಚೇಂಜ್ ಆನ್‌ಲೈನ್ ಒಳಗೆ ಓಡ್ತಿರೋದೂ ಇದೇ ವ್ಯವಸ್ಥೆ. ಅಲ್ಲಿ ಬೇರೆಯವರು ನಿದ್ದೆಗೆಡ್ತಾರೆ, ಅಷ್ಟೇ.

ವ್ಯವಸ್ಥೆಯ ಹೆಸರು ಡೇಟಾಬೇಸ್ ಅವೈಲಬಿಲಿಟಿ ಗ್ರೂಪ್, ಬಾಯಿಮಾತಿನಲ್ಲಿ ಡ್ಯಾಗ್. ಎಕ್ಸ್‌ಚೇಂಜ್ 2010ರಲ್ಲಿ ಬಂತು. ಒಂದು ಗುಂಪಿನಲ್ಲಿ 16 ಸರ್ವರ್‌ಗಳವರೆಗೆ ಸೇರಿಸಬಹುದು. ಒಂದೊಂದು ಡೇಟಾಬೇಸಿಗೂ ಬೇರೆ ಬೇರೆ ಸರ್ವರ್‌ಗಳಲ್ಲಿ ಪ್ರತಿಗಳು. ಒಂದು ಸಮಯಕ್ಕೆ ಒಂದೇ ಪ್ರತಿ ಆಕ್ಟಿವ್, ಉಳಿದವು ಪ್ಯಾಸಿವ್.

ಕೆಲಸ ಹೇಗೆ ನಡೆಯುತ್ತೆ ಅಂದ್ರೆ, ನಮ್ಮೂರಿನ ಮಂಡಿಯಲ್ಲಿ ಲೆಕ್ಕ ಬರೆಯೋ ಹಾಗೆ. ವ್ಯಾಪಾರ ಆದ ಕೂಡಲೇ ದಿನವಹಿಯಲ್ಲಿ ಒಂದು ಸಾಲು ಬೀಳುತ್ತೆ, ಆಮೇಲೆ ಪುರುಸೊತ್ತಿನಲ್ಲಿ ಖಾತೆ ಪುಸ್ತಕಕ್ಕೆ ಏರಿಸ್ತಾರೆ. ಇಲ್ಲಿ ದಿನವಹಿ ಅಂದ್ರೆ ಟ್ರಾನ್ಸಾಕ್ಷನ್ ಲಾಗ್, ಒಂದೊಂದು ಫೈಲ್ 1 ಎಂಬಿ. ಖಾತೆ ಪುಸ್ತಕ ಅಂದ್ರೆ ಡೇಟಾಬೇಸ್ ಫೈಲ್. ಆಕ್ಟಿವ್ ಪ್ರತಿಯಲ್ಲಿ ಒಂದು ಲಾಗ್ ಫೈಲ್ ತುಂಬಿದ ಕೂಡಲೇ ಪ್ಯಾಸಿವ್ ಸರ್ವರ್ ಅದನ್ನ ಎಳ್ಕೊಂಡು, ಪರೀಕ್ಷೆ ಮಾಡಿ, ತನ್ನ ಡೇಟಾಬೇಸಿಗೆ ಏರಿಸ್ಕೊಳ್ಳುತ್ತೆ. ಖಾತೆ ಪುಸ್ತಕವನ್ನೇ ದಿನಾ ಕಳಿಸೋದಿಲ್ಲ, ದಿನವಹಿಯ ಹಾಳೆ ಮಾತ್ರ. 2010ರ ಸರ್ವಿಸ್ ಪ್ಯಾಕ್ 1ರಿಂದ ಬ್ಲಾಕ್ ಮೋಡ್ ಕೂಡ ಇದೆ. ಪ್ಯಾಸಿವ್ ಸರಿಸಮ ಬಂದಿದ್ರೆ, ಫೈಲ್ ತುಂಬೋವರೆಗೆ ಕಾಯದೆ ಬರೆದದ್ದನ್ನ ಬರೆದ ಹಾಗೇ ಅತ್ತ ಕಳಿಸುತ್ತೆ.

ಈಗ ಆಕ್ಟಿವ್ ಸರ್ವರ್ ಸತ್ತಿತು ಅಂತಿಟ್ಕೊಳ್ಳಿ. ಆಕ್ಟಿವ್ ಮ್ಯಾನೇಜರ್ ಅನ್ನೋ ಭಾಗ ಉಳಿದ ಪ್ರತಿಗಳಲ್ಲಿ ಯಾವುದು ಒಳ್ಳೇದು ಅಂತ ಆರಿಸುತ್ತೆ. ಹಳೆ ಸರ್ವರಿನಿಂದ ಕೊನೆಯ ಲಾಗ್‌ಗಳು ಸಿಗುತ್ತವಾ ಅಂತ ಒಂದು ಪ್ರಯತ್ನ ಮಾಡುತ್ತೆ. ಸಿಗದಿದ್ರೆ, ಎಷ್ಟು ಕಳೆದುಹೋಗಿದೆ ಅಂತ ಎಣಿಸುತ್ತೆ. ಎಷ್ಟರವರೆಗೆ ಕಳ್ಕೊಂಡ್ರೂ ಪರವಾಗಿಲ್ಲ ಅಂತ ನೀವೇ ಮೊದಲೇ ಹೇಳಿಟ್ಟಿರಬೇಕು. ಲಾಸ್‌ಲೆಸ್ ಅಂದ್ರೆ ಒಂದು ಲಾಗ್ ಕೂಡ ಹೋಗಬಾರದು, ಗುಡ್ ಅವೈಲಬಿಲಿಟಿ ಅಂದ್ರೆ 6ರವರೆಗೆ, ಬೆಸ್ಟ್ ಅವೈಲಬಿಲಿಟಿ ಅಂದ್ರೆ 12ರವರೆಗೆ. "ಬೆಸ್ಟ್" ಅನ್ನೋ ಪದ ನೋಡಿ ಅದನ್ನೇ ಆರಿಸೋರು ಇದ್ದಾರೆ. ಹೆಸರಿಟ್ಟವರಿಗೆ ನಮಸ್ಕಾರ!

ಕಳೆದುಹೋದ ಲಾಗ್‌ನಲ್ಲಿದ್ದ ಮೇಲ್ ಎಲ್ಲಿಂದ ಬರುತ್ತೆ? 2013ರಿಂದ ಸೇಫ್ಟಿ ನೆಟ್ ಇದೆ. ತಲುಪಿಸಿದ ಮೇಲ್‌ಗಳ ಪ್ರತಿಯನ್ನ ಟ್ರಾನ್ಸ್‌ಪೋರ್ಟ್ ಭಾಗ ಡೀಫಾಲ್ಟ್ ಆಗಿ ಎರಡು ದಿನ ಇಟ್ಕೊಂಡಿರುತ್ತೆ. ಫೇಲೋವರ್ ಆದಮೇಲೆ ಆ ಅವಧಿಯ ಮೇಲ್‌ಗಳನ್ನ ಮತ್ತೆ ಕೊಡುತ್ತೆ, ಈಗಾಗಲೇ ಬಂದಿರೋದು ಎರಡು ಸಲ ಕಾಣಿಸಲ್ಲ. ಆದ್ರೆ ಟ್ರಾನ್ಸ್‌ಪೋರ್ಟ್ ಮೂಲಕ ಹಾದುಹೋದದ್ದು ಮಾತ್ರ ಹೀಗೆ ವಾಪಸ್ ಬರುತ್ತೆ. ಆ ಹೊತ್ತಿನಲ್ಲಿ ನೀವು ಬರೆದಿಟ್ಟ ಡ್ರಾಫ್ಟ್, ನಿಮಗಷ್ಟೇ ಹಾಕ್ಕೊಂಡ ಕ್ಯಾಲೆಂಡರ್ ನಮೂದು, ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸರಿಸಿದ್ದು, ಇದ್ಯಾವುದೂ ಬರಲ್ಲ. ಬಳಕೆದಾರರು "ನನ್ನ ಡ್ರಾಫ್ಟ್ ಮಾಯ" ಅಂತ ಟಿಕೆಟ್ ಹಾಕಿದ್ರೆ ಅವರು ಸುಳ್ಳು ಹೇಳ್ತಿಲ್ಲ. ಅವರನ್ನ ಗದರಿಸಬೇಡಿ.

ಈಗ ಹೆಚ್ಚು ಜನ ಎಡವೋ ಜಾಗಕ್ಕೆ ಬರ್ತೀನಿ. ಒಂದು ಕಂಪನಿ, ಹೆಸರು ಬೇಡ. ಮೂರು ಪ್ರತಿ, ಎರಡು ಮುಖ್ಯ ಸೈಟಿನಲ್ಲಿ, ಒಂದು ಡಿಆರ್ ಸೈಟಿನಲ್ಲಿ. ಅಲ್ಲಿ ಸ್ಟೋರೇಜ್ ಕೆಲಸಕ್ಕೆ ಅಂತ ಯಾರೋ ಡಿಆರ್ ಪ್ರತಿಯನ್ನ ಸಸ್ಪೆಂಡ್ ಮಾಡಿದ್ರು. ಕೆಲಸ ಮುಗೀತು, ರೆಸ್ಯೂಮ್ ಯಾರೂ ಮಾಡಲಿಲ್ಲ. ಬ್ಯಾಕಪ್ ದಿನಾ ಹಸಿರು ಟಿಕ್ ತೋರಿಸ್ತಿತ್ತು. ಬ್ಯಾಕಪ್ ಆದಮೇಲೆ ಲಾಗ್ ಅಳಿಸಿಹೋಗಬೇಕು ತಾನೇ? ಹೋಗಲ್ಲ. ಎಲ್ಲ ಪ್ರತಿಗಳೂ ಆ ಲಾಗನ್ನ ಪಡೆಯೋವರೆಗೂ ಎಕ್ಸ್‌ಚೇಂಜ್ ಅದನ್ನ ಅಳಿಸಲ್ಲ. ದಿನಕ್ಕೆ 20 ಜಿಬಿ ಲಾಗ್ ಅಂದ್ರೂ 15 ದಿನಕ್ಕೆ 300 ಜಿಬಿ. ಸೋಮವಾರ ಬೆಳಿಗ್ಗೆ ಡಿಸ್ಕ್ ತುಂಬಿ ಡೇಟಾಬೇಸ್ ಡಿಸ್ಮೌಂಟ್ ಆಯ್ತು.

ಇನ್ನೊಂದು ಪ್ರತಿಗೆ ಫೇಲೋವರ್ ಆಗಬಹುದಿತ್ತಲ್ಲ? ಅದೇ ಲಾಗ್‌ಗಳು ಅಲ್ಲೂ ಅಷ್ಟೇ ಪ್ರಮಾಣದಲ್ಲಿ ಕೂತಿದ್ದವು, ಡಿಸ್ಕಿನ ಅಳತೆಯೂ ಒಂದೇ. ಎರಡೂ ಒಟ್ಟಿಗೆ ತುಂಬಿದ್ವು. ನನ್ನನ್ನ ಕಾಲ್‌ಗೆ ಕರೆದಾಗ ಹತ್ತೂವರೆ. ಆ ದಿನ ಅಲ್ಲಿ ಸಂಬಳದ ಫೈಲ್ ಬ್ಯಾಂಕಿಗೆ ಮೇಲ್‌ನಲ್ಲಿ ಹೋಗಬೇಕಿತ್ತು, ಎಚ್‌ಆರ್‌ನ ಮೇಡಂ ಐದು ನಿಮಿಷಕ್ಕೊಂದು ಸಲ ಬ್ರಿಡ್ಜಿಗೆ ಬಂದು ಕೇಳ್ತಿದ್ರು. ಮೊದಲು ಡಿಸ್ಕ್ ದೊಡ್ಡದು ಮಾಡಿ ಮೌಂಟ್ ಮಾಡಿದ್ದಾಯ್ತು. ಆಮೇಲೆ ಆ ಸತ್ತ ಪ್ರತಿಯನ್ನ ಗುಂಪಿನಿಂದ ತೆಗೆದು, ಬ್ಯಾಕಪ್ ಓಡಿಸಿದ ಮೇಲೆ ಲಾಗ್ ಇಳೀತು. ಲಾಗ್ ಫೈಲ್‌ಗಳನ್ನ ಕೈಯಿಂದ ಡಿಲೀಟ್ ಮಾಡೋಣ ಅಂತ ಒಬ್ಬರು ಹೊರಟಿದ್ರು. ದಯವಿಟ್ಟು ಎಂದೂ ಮಾಡಬೇಡಿ, ಇನ್ನೂ ಖಾತೆಗೆ ಏರದ ಹಾಳೆ ಹರಿದ್ರೆ ಪುಸ್ತಕವೇ ತಾಳೆ ಆಗಲ್ಲ. ಮತ್ತೆ ಡಿಆರ್ ಪ್ರತಿ ಮೊದಲಿನಿಂದ ಸೀಡ್ ಆಗಬೇಕಾಯ್ತು. 600 ಜಿಬಿ ಡೇಟಾಬೇಸ್, 50 ಎಂಬಿಪಿಎಸ್ ಲಿಂಕ್ ಅಂತ ಹಿಡೀರಿ. ಲಿಂಕ್ ಪೂರ್ತಿ ನಿಮಗೇ ಸಿಕ್ಕಿದ್ರೂ 26 ಗಂಟೆ ದಾಟುತ್ತೆ.

2013ರ ಸರ್ವಿಸ್ ಪ್ಯಾಕ್ 1ರಿಂದ ಲೂಸ್ ಟ್ರಂಕೇಶನ್ ಅಂತ ಒಂದಿದೆ. ಜಾಗ ಕಡಿಮೆಯಾದಾಗ ಹಿಂದೆ ಬಿದ್ದ ಪ್ರತಿಯನ್ನ ಬಿಟ್ಟು ಲಾಗ್ ಅಳಿಸುತ್ತೆ. ಅದು ಡೀಫಾಲ್ಟ್ ಆಗಿ ಆಫ್, ರಿಜಿಸ್ಟ್ರಿಯಲ್ಲಿ ಆನ್ ಮಾಡಬೇಕು. ನನ್ನ ಅಭಿಪ್ರಾಯ ಕೇಳಿದ್ರೆ, ಅದಕ್ಕಿಂತ ಮೊದಲು ಕಾಪಿ ಕ್ಯೂ ಮತ್ತು ರಿಪ್ಲೇ ಕ್ಯೂ ಉದ್ದಕ್ಕೆ ಅಲರ್ಟ್ ಇಡಿ. ಗೆಟ್-ಮೇಲ್‌ಬಾಕ್ಸ್‌ಡೇಟಾಬೇಸ್‌ಕಾಪಿಸ್ಟೇಟಸ್ ಕಮಾಂಡ್ ದಿನಕ್ಕೆರಡು ಸಲ ಓಡಿಸಿದ್ರೂ ಈ ಸೋಮವಾರ ಬರ್ತಿರಲಿಲ್ಲ.

ಇನ್ನು ಸೈಟೇ ಹೋದ್ರೆ? ಪುಣೆಯಲ್ಲಿ ಎರಡು ಸರ್ವರ್, ಹೈದರಾಬಾದಿನಲ್ಲಿ ಎರಡು, ಪುಣೆಯಲ್ಲೇ ಒಂದು ವಿಟ್ನೆಸ್ ಸರ್ವರ್. ಒಟ್ಟು ಐದು ವೋಟು, ನಡೆಯೋಕೆ ಮೂರು ಬೇಕು. ನಡುವಿನ ಲಿಂಕ್ ಕಡಿದ್ರೆ ಪುಣೆ ಮೂರು ವೋಟಿನಲ್ಲಿ ನಡೆಯುತ್ತೆ, ಹೈದರಾಬಾದ್ ಸುಮ್ಮನಾಗುತ್ತೆ. ಸರಿ. ಆದ್ರೆ ಪುಣೆಗೆ ಪುಣೆಯೇ ಕರೆಂಟ್ ಹೋಗಿ ಕೂತ್ರೆ ಹೈದರಾಬಾದಿನ ಹತ್ರ ಎರಡೇ ವೋಟು. ತಾನಾಗಿ ಏನೂ ಏಳಲ್ಲ. ಒಬ್ಬ ಮನುಷ್ಯ ಕೂತು ಸ್ಟಾಪ್, ರಿಸ್ಟೋರ್ ಕಮಾಂಡ್‌ಗಳನ್ನ ಕೊಟ್ಟೇ ಎಬ್ಬಿಸಬೇಕು. "ಡಿಆರ್ ಇದೆ, ಆಟೋಮ್ಯಾಟಿಕ್" ಅಂತ ಮ್ಯಾನೇಜರ್‌ಗೆ ಸ್ಲೈಡಿನಲ್ಲಿ ತೋರಿಸಿದ್ದು ಇಲ್ಲಿ ಬಯಲಾಗುತ್ತೆ. ನಿಜವಾಗಲೂ ಆಟೋಮ್ಯಾಟಿಕ್ ಬೇಕಿದ್ರೆ ವಿಟ್ನೆಸ್ ಮೂರನೇ ಜಾಗದಲ್ಲಿರಬೇಕು, ಎರಡೂ ಸೈಟಿನಿಂದ ಬೇರೆ ಬೇರೆ ದಾರಿಯಲ್ಲಿ ತಲುಪೋ ಹಾಗೆ.

ಹೈದರಾಬಾದಿನಲ್ಲಿ ಎಬ್ಬಿಸಿದ್ದೀರಿ, ಪುಣೆಗೆ ಕರೆಂಟ್ ಬಂತು, ಲಿಂಕ್ ಇನ್ನೂ ಬಂದಿಲ್ಲ ಅನ್ನಿ. ಪುಣೆಯವು "ನಮ್ಮ ಹತ್ರ ಮೂರು ವೋಟಿದೆ" ಅಂತ ಡೇಟಾಬೇಸ್ ಮೌಂಟ್ ಮಾಡಿದ್ರೆ ಒಂದೇ ಅಂಗಡಿಗೆ ಎರಡು ದಿನವಹಿ ಶುರುವಾಗುತ್ತೆ, ಆಮೇಲೆ ಕೂಡಿಸೋಕೆ ಆಗಲ್ಲ. ಇದೇ ಸ್ಪ್ಲಿಟ್ ಬ್ರೈನ್. ಇದನ್ನ ತಡೆಯೋಕೆ ಡ್ಯಾಕ್ ಮೋಡ್ ಇದೆ, ಎರಡು ಸೈಟ್ ಇದ್ರೆ ಆನ್ ಮಾಡಲೇಬೇಕು. ಆಗ ಎದ್ದ ಸರ್ವರ್, ಮೌಂಟ್ ಮಾಡೋಕೆ ಅನುಮತಿ ಇರೋ ಇನ್ನೊಂದು ಸರ್ವರನ್ನ ಅಥವಾ ಎಲ್ಲ ಸದಸ್ಯರನ್ನ ಮಾತಾಡಿಸೋವರೆಗೂ ಮೌಂಟ್ ಮಾಡಲ್ಲ.

ರೆಪ್ಲಿಕೇಶನ್ ಇದ್ದರೆ ಬ್ಯಾಕಪ್ ಬೇಡ ಅಂತ ವಾದ ಮಾಡೋರಿಗೆ ಒಂದೇ ಮಾತು: ಯಾರೋ ಅಳಿಸಿದ್ದು ಕೂಡ ಅಷ್ಟೇ ನಿಷ್ಠೆಯಿಂದ ಎಲ್ಲ ಪ್ರತಿಗೂ ಹೋಗುತ್ತೆ. ಅದಕ್ಕೇ ಲ್ಯಾಗ್ಡ್ ಕಾಪಿ. ಲಾಗ್ ಬರುತ್ತೆ, ಆದ್ರೆ ಏರಿಸೋದು ತಡವಾಗಿ, ಗರಿಷ್ಠ 14 ದಿನ.

ರಾತ್ರಿ ಎರಡಕ್ಕೆ "ಡಿಆರ್‌ಗೆ ಹೋಗೋಣ" ಅನ್ನೋ ಅಧಿಕಾರ ಯಾರದ್ದು, ಅವರು ಫೋನ್ ಎತ್ತದಿದ್ರೆ ಮುಂದೆ ಯಾರು, ಈ ಎರಡು ಹೆಸರು ಮತ್ತು ನಂಬರ್ ರನ್‌ಬುಕ್ಕಿನ ಮೊದಲ ಪುಟದಲ್ಲಿರಲಿ. ಆ ರನ್‌ಬುಕ್ ಪ್ರಿಂಟ್ ಹಾಕಿಸಿ ಡ್ರಾಯರಿನಲ್ಲಿಡಿ. ಬಹಳ ಕಡೆ ಅದು ಯಾರದೋ ಮೇಲ್‌ಬಾಕ್ಸಿನಲ್ಲಿ ಅಟ್ಯಾಚ್‌ಮೆಂಟ್ ಆಗಿ ಕೂತಿರುತ್ತೆ.

ಡಿಆರ್ ಪ್ರತಿಯನ್ನ ಹೊಸದಾಗಿ ಸೀಡ್ ಮಾಡೋದನ್ನ ಮುಂದಿನ ವಿಡಿಯೋದಲ್ಲಿ ಲ್ಯಾಬಿನಲ್ಲೇ ತೋರಿಸ್ತೀನಿ.